ಮತ್ತೆ ತಗೊಳ್ಳೋದಾದ್ರೆ ಇದನ್ನೇ

ಫೋನು ಎತ್ತಿಕೊಂಡವನು ಮುನೀಂದ್ರ. ಎಡವಟ್ಟು ಶುರುವಾದದ್ದೇ ಅಲ್ಲಿಂದ. ಅವನ ಹೆಂಡತಿ ಸುಕನ್ಯ ಎತ್ತಿಕೊಂಡಿದ್ದರೆ ‘ರಾಂಗ್ ನಂಬರ್’ ಎಂದು ಇಟ್ಟುಬಿಡುತ್ತಿದ್ದಳು. ಆದರೆ ಆ ಭಾನುವಾರ ಬೆಳಿಗ್ಗೆ ಅವಳ ಎರಡೂ ಕೈ ದೋಸೆಹಿಟ್ಟಿನಲ್ಲಿದ್ದವು.

“ಹೌದು ಸಾರ್, ಹಾಯಿದೋಣಿ ಇರೋ ಮನೆ ಇದೇ,” ಎಂದ ಮುನೀಂದ್ರ, ಬೇಸರದ ದನಿಯಲ್ಲಿ. ಹಾಗೆ ಕೇಳಿಕೊಂಡು ಫೋನು ಮಾಡುವವರು ಸಾಮಾನ್ಯವಾಗಿ ನಗಲಿಕ್ಕೆಂದೇ ಮಾಡುತ್ತಿದ್ದರು. ಆದರೆ ಆ ಕಡೆಯ ಮುಂದಿನ ಮಾತು ಕೇಳಿದವನೇ ಕುರ್ಚಿಯಿಂದ ಎದ್ದು ನಿಂತ. “ನೋಡ್ಬೇಕಾ? ಅಯ್ಯೋ, ಧಾರಾಳವಾಗಿ ನೋಡಿ ಸಾರ್! ಈಗ್ಲೇ ಬನ್ನಿ. ಹಲಸೂರು ಸೋಮೇಶ್ವರನ ಗುಡಿ ಹಿಂದೆ ಬಂದು ದೋಣಿ ಮನೆ ಅಂತ ಕೇಳಿ, ಯಾರು ಬೇಕಾದ್ರೂ ತೋರಿಸ್ತಾರೆ.”

ಫೋನು ಇಟ್ಟವನು ಅಡುಗೆಮನೆಯ ಕಡೆ ತಿರುಗಿ ಕೂಗಿದ: “ಅಮ್ಮಾ, ದೋಣಿಗೆ ಗಿರಾಕಿ ಬಂತು!”

ಅತ್ತೆ ರಾಮಲಕ್ಷ್ಮಮ್ಮ ಗುಡಿಯ ದಿಕ್ಕಿಗೆ ಕೈಮುಗಿದರು. ಹಜಾರದಲ್ಲಿ ರೇಡಿಯೋ ಕಿವಿಗಿಟ್ಟುಕೊಂಡಿದ್ದ ಮಾವ ಮುನಿಆಂಜನಪ್ಪನವರು ಅದನ್ನು ಆರಿಸಿ, ಮೂಲೆಯ ಗೂಟದಲ್ಲಿದ್ದ ಟವಲನ್ನು ತೆಗೆದು ಹೆಗಲಿಗೇರಿಸಿದರು. ಸುಕನ್ಯ ಮಾತ್ರ ಹಿಟ್ಟಿನಲ್ಲಿ ಕೈಯಿಟ್ಟುಕೊಂಡೇ ನಿಂತಳು.

ದೋಣಿ ಆ ಮನೆಗೆ ಬಂದು ವರ್ಷವಾಗಿತ್ತು. ಸುಕನ್ಯ ಬೆಳೆದದ್ದು ವಿಮಾನಪುರದ ಕ್ವಾರ್ಟರ್ಸಿನಲ್ಲಿ. ಅವಳಪ್ಪ ಜೀವಮಾನವಿಡೀ ವಿಮಾನದ ರೆಕ್ಕೆಗಳಿಗೆ ರಿವೆಟ್ ಹೊಡೆದು, ಒಂದು ಸಲವೂ ವಿಮಾನ ಹತ್ತದೆ ರಿಟೈರಾದರು. ಹಲಸೂರಿಗೆ ಸೊಸೆಯಾಗಿ ಬಂದ ಮೇಲೆ ಅವಳ ಪಾಲಿಗೆ ದಕ್ಕಿದ್ದು ಮನೆಯ ಮಹಡಿ; ಮೆಣಸಿನಕಾಯಿ ಒಣಗಿಸಲು, ಬಟ್ಟೆ ಒಣಗಿಸಲು. ಅಲ್ಲಿಂದ ಕೆರೆ ಕಾಣುತ್ತಿತ್ತು. ಕೆರೆಯಲ್ಲಿ ಮಿಲಿಟರಿಯವರ ಬಿಳಿಯ ಹಾಯಿಗಳು. ಇಪ್ಪತ್ತು ವರ್ಷ ಅವಳು ಒದ್ದೆ ಸೀರೆ ಕೊಡವುತ್ತಾ ಅವನ್ನೇ ನೋಡಿದಳು. ಅವೂ ಬಟ್ಟೆಯೇ, ತಾನು ತಂತಿಗೆ ಹಾಕುವುದೂ ಬಟ್ಟೆಯೇ. ಅವು ಮಾತ್ರ ಎಲ್ಲಿಗೋ ಹೋಗುತ್ತವೆ.

ಹೋದ ವರ್ಷ ಅವಳಿಗೆ ಚೀಟಿ ಎದ್ದಿತು. ವಾಷಿಂಗ್ ಮೆಷಿನ್ ತರುತ್ತೇನೆಂದು ಹೊರಟವಳು, ಸೆಕೆಂಡ್‌ಹ್ಯಾಂಡ್ ಆದರೆ ಅಗ್ಗಕ್ಕೆ ಸಿಗುತ್ತದೆಂದು ಯಾರೋ ಹೇಳಿದ್ದಕ್ಕೆ ದಂಡು ಪ್ರದೇಶದ ಒಂದು ಹರಾಜು ಅಂಗಡಿ ಹೊಕ್ಕಳು. ಅಲ್ಲಿ, ಮುಚ್ಚಿಹೋದ ಯಾವುದೋ ದೋಣಿ ಕ್ಲಬ್ಬಿನ ಸಾಮಾನುಗಳನ್ನು ಕೂಗುತ್ತಿದ್ದರು. ಹಾಯಿದೋಣಿಯ ಸರದಿ ಬಂದಾಗ ಅವಳ ಬಲಗೈ, ಅವಳನ್ನು ಒಂದು ಮಾತೂ ಕೇಳದೆ, ಮೇಲೆದ್ದಿತು.

ವಾಷಿಂಗ್ ಮೆಷಿನ್ನಿಗೆಂದು ಅರಿಸಿನ ಕುಂಕುಮ ಹಿಡಿದು ಕಾದಿದ್ದ ಅತ್ತೆಯ ಮುಂದೆ ಟೆಂಪೋದಿಂದ ದೋಣಿ ಇಳಿಯಿತು. ಅತ್ತೆ ಅದನ್ನು ಸುತ್ತು ಹಾಕಿ ನೋಡಿ, ಬಹಳ ಹೊತ್ತಿನ ಮೇಲೆ ಕೇಳಿದರು: “ಇದ್ರಲ್ಲಿ ಬಟ್ಟೆ ಎಲ್ಲಿ ಹಾಕೋದೇ?”

ಅಂದಿನಿಂದ ದೋಣಿ ಅಂಗಳದಲ್ಲಿ, ಮದುವೆಗೆ ಬಂದು ವಾಪಸು ಹೋಗುವುದನ್ನು ಮರೆತ ನೆಂಟನಂತೆ ಮಲಗಿತ್ತು. ಹಿಂಬದಿಯ ಕೋಣೆಗಳಲ್ಲಿದ್ದ ಬಾಡಿಗೆಯವರು ನಲ್ಲಿಗೆ ಹೋಗಬೇಕಾದರೆ ಅಡ್ಡಡ್ಡ ನಡೆಯಬೇಕು. ಗ್ಯಾಸಿನವನು ಸಿಲಿಂಡರನ್ನು ಅದರ ಮೇಲಿಂದ ದಾಟಿಸುವಾಗ ಬೈಯುವ ಬೈಗುಳ ಪಕ್ಕದ ಬೀದಿಗೂ ಕೇಳುತ್ತಿತ್ತು. ಕೆರೆಯ ಕಟ್ಟೆಯ ಕಾವಲುಗಾರ ಪೀರಪ್ಪ ದೋಣಿ ನಡೆಸುವುದನ್ನು ಅಷ್ಟಿಷ್ಟು ಹೇಳಿಕೊಟ್ಟಿದ್ದ. ಆಗೀಗ ನೀರಿಗಿಳಿದು, ಒಮ್ಮೆ ಕಳೆಗೆ ಸಿಕ್ಕಿಕೊಂಡು, ಒಮ್ಮೆ ಗಣೇಶನ ಮೂರ್ತಿ ಬಿಡುವ ಮೆಟ್ಟಿಲಿಗೆ ಗುದ್ದಿಕೊಂಡು ಅವಳು ವಾಪಸಾಗಿದ್ದಳು. ಹಿಂಬದಿಯ ಕೋಣೆಯ ಜಟ್ಟೆಮ್ಮ ರಾಯಚೂರು ಕಡೆಯವಳು. ಗುದ್ದಿಕೊಂಡ ದಿನ ಇಡೀ ವಠಾರಕ್ಕೆ ಕೇಳುವಂತೆ, “ನಮ್ ಊರಾಗ ಎಮ್ಮಿ ಸೈತ ಇದಕ್ಕಿಂತ ಛಲೋ ಈಜ್ತಾವ್ರೀ ಅಕ್ಕೋರೆ,” ಎಂದಿದ್ದಳು.

ಸುಕನ್ಯ ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ಕೊಡುವ ಅಗತ್ಯವಿರಲಿಲ್ಲ, ದೋಣಿ ಅವಳದಾಗಿತ್ತು. ಈಗ ಅದನ್ನು ನೋಡಲು ಯಾರೋ ಬರುತ್ತಿದ್ದರು.

“ನಾನು ಮಾರಲ್ಲ,” ಎಂದಳು ಗಂಡನಿಗೆ.

“ಮಾರು ಅಂತ ಯಾರಂದ್ರು? ಸುಮ್ನೆ ನೋಡ್ಕೊಂಡು ಹೋಗ್ತಾರೆ,” ಎಂದ ಮುನೀಂದ್ರ, ದೋಣಿಯ ಮೇಲೆ ಬಕೆಟ್ಟಿನಿಂದ ನೀರು ಸುರಿಯುತ್ತಾ. ಅತ್ತೆ ಆಗಲೇ ಅದರ ಮೂತಿಗೆ ಅರಿಸಿನ ಹಚ್ಚಿ, ಒಂದು ಮೊಳ ಕನಕಾಂಬರ ಸುತ್ತಿ, ಒಲೆಯ ಮೇಲೆ ಕೇಸರಿಬಾತಿಗೆ ರವೆ ಹುರಿಯಲು ಇಟ್ಟಿದ್ದರು.

ಸುಕನ್ಯ ಯೋಚಿಸಿದಳು. ಬೇಡವೆಂದು ಕೂಗಾಡಿದರೆ ಹಟ ಎನ್ನುತ್ತಾರೆ. ಅದಕ್ಕಿಂತ ಸುಲಭದ ದಾರಿಯಿತ್ತು. ಬಂದವರ ಮುಂದೆ ದೋಣಿಯ ಮಾನ ಕಳೆದರಾಯಿತು. ಒಂದು ದಿನದ ಮಟ್ಟಿಗೆ ತನ್ನದನ್ನು ತಾನೇ ಬೈದುಕೊಳ್ಳುವುದು. ಮನೆ ನಡೆಸಿದ ಹೆಂಗಸಿಗೆ ಅದೇನು ಹೊಸ ವಿದ್ಯೆಯೆ?

ಬಂದವರು ವಾಜಿದ್. ಪುಲಿಕೇಶಿನಗರದಲ್ಲಿ ಕನ್ನಡಕದ ಅಂಗಡಿ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೋಪಿ, ಮುಖದ ಮೇಲೆ ಏನೋ ಚಿಂತೆ. ಗೇಟಿನೊಳಗೆ ಕಾಲಿಟ್ಟವರು ದೋಣಿಯನ್ನು ಕಂಡು ಹಾಗೇ ನಿಂತುಬಿಟ್ಟರು.

“ಅದೇ,” ಎಂದರು ಮೆಲ್ಲಗೆ. “ಅದೇ ನೋಡಿ.”

“ಮೆಚ್ಚಿದ್ರು,” ಎಂದು ಅತ್ತೆ ಮಗನನ್ನು ತಿವಿದರು.

ಬೆತ್ತದ ಕುರ್ಚಿ ಬಂತು. ಕೇಸರಿಬಾತು, ಉಪ್ಪಿಟ್ಟು ಬಂದವು. ಬಾಡಿಗೆಯವರೆಲ್ಲ ಗೋಡೆಗೆ ಒರಗಿ ನಿಂತರು. ಹೆಣ್ಣು ನೋಡಲು ಬಂದವರ ಮುಂದೆ ಬೀದಿಯ ಜನ ಹೇಗೆ ಒಂದೇ ಬಾಯಾಗುತ್ತಾರೋ ಹಾಗೆ, ನಿನ್ನೆಯವರೆಗೆ ದೋಣಿಯನ್ನು ಶಪಿಸುತ್ತಿದ್ದವರೆಲ್ಲ ಇವತ್ತು ಒಂದಾಗಿದ್ದರು.

ವಾಜಿದ್ ಚಮಚ ಕೆಳಗಿಟ್ಟು ಸುಕನ್ಯಳ ಕಡೆ ತಿರುಗಿದರು. “ಮೇಡಂ, ದೋಣಿ ನಿಮ್ಮದು ಅಂತ ಕೇಳ್ದೆ. ನಮ್ಮ ಮನೇಲಿ ಈ ದೋಣಿ ವಿಷಯ ಇವತ್ತು ತೀರ್ಮಾನ ಆಗ್ಲೇಬೇಕು. ನಾನು ಎರಡೇ ಮಾತು ಕೇಳೋದು, ನಿಜ ಹೇಳಿ. ಇದ್ರಿಂದ ನಿಮಗೆ ಸಮಾಧಾನ ಇದೆಯಾ? ಮತ್ತೆ ತಗೊಳ್ಳೋದಾದ್ರೆ ಇದನ್ನೇ ತಗೋತೀರಾ?”

ಸುಕನ್ಯ ಬಾಯಿ ತೆರೆಯುವಷ್ಟರಲ್ಲಿ ಜಟ್ಟೆಮ್ಮ ಮುಂದೆ ಬಂದಳು. “ಸಮಾಧಾನ ಏನ್ ಕೇಳ್ತೀರಿ ಸಾಹೇಬ್ರ! ಬಂಗಾರದಂಥಾ ದೋಣಿ ಐತ್ರಿ. ನೀರಾಗ ಬಿಟ್ರ ಹಂಸ ಹ್ವಾದಂಗ ಹೋಗ್ತೈತ್ರಿ.”

“ನೀನು ಯಾವಾಗ ನೋಡ್ದೆ?” ಎಂದಳು ಸುಕನ್ಯ.

“ಮಂದಿ ಹೇಳ್ತಾರಲ್ರೀ!”

“ಗಲಾಟೆ ಇಲ್ಲ, ಗದ್ದಲ ಇಲ್ಲ,” ಎಂದರು ಅತ್ತೆ. “ವರ್ಷದಿಂದ ಇದೆ, ಒಂದು ದಿನ ಎದುರು ಮಾತಾಡಿಲ್ಲ.” ಕೊನೆಯ ಮಾತನ್ನು ಸೊಸೆಯ ಕಡೆ ನೋಡಿಕೊಂಡೇ ಹೇಳಿದರು.

“ಸೋರುತ್ತೆ,” ಎಂದಳು ಸುಕನ್ಯ.

ವಾಜಿದರ ಮುಖ ಬಾಡಿತು. “ಸೋರುತ್ತಾ? ತಳದಲ್ಲಾ, ಹಿಂದೆ ಚುಕ್ಕಾಣಿ ಹತ್ರಾನಾ?”

“ಚುಕ್ಕಾಣಿ ಹತ್ರ. ಕಾಲು ಮುಳುಗೋವಷ್ಟು.”

“ಎಡಕ್ಕೆ ವಾಲುತ್ತಾ?”

“ವಾಲುತ್ತೆ. ಎಷ್ಟು ನೆಟ್ಟಗೆ ಕೂತ್ರೂ ವಾಲುತ್ತೆ.”

“ಗಾಳಿ ತಿರುಗಿದಾಗ ಆ ಹಾಯಿಯ ಅಡ್ಡಗೋಲು ತಲೆಗೆ…” ಎನ್ನುತ್ತಾ ಅವರು ತಮ್ಮ ಹಣೆ ಮುಟ್ಟಿಕೊಂಡರು.

“ಹೊಡೆಯುತ್ತೆ. ಒಂದ್ಸಲ ಅಂತೂ ನನ್ನ ಕುಂಕುಮಾನೇ ಅಳಿಸಿಹೋಯ್ತು.”

“ಬಿಡ್ತು ಅನ್ನು!” ಎಂದು ಅತ್ತೆ ಚೀರಿದರು. ಮುನೀಂದ್ರ ತನ್ನ ಕ್ಷೇಮಕ್ಕಾಗಿ ಕಂಬ ಹಿಡಿದುಕೊಂಡ. ಆಮೇಲೆ ನಗಲು ಪ್ರಯತ್ನಿಸುತ್ತಾ, “ತಮಾಷೆ ಮಾಡ್ತಾಳೆ ಸಾರ್. ನಮ್ಮೋಳಿಗೆ ದೋಣಿ ಮೇಲೆ ಭಾರಿ ಪ್ರೀತಿ. ದೃಷ್ಟಿ ಆಗುತ್ತೆ ಅಂತ ಹೀಗೆಲ್ಲ ಹೇಳೋದು,” ಎಂದ.

ಸುಕನ್ಯ ಬೆಚ್ಚಿದಳು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಗಂಡ ಅವಳ ಮನಸ್ಸನ್ನು ಅಷ್ಟು ಸರಿಯಾಗಿ ಓದಿದ್ದು ಅದೇ ಮೊದಲು. ಅದೂ ಸುಳ್ಳು ಹೇಳಲು ಹೋಗಿ.

ವಾಜಿದರ ಮುಖ ಮತ್ತೆ ಅರಳಿತು. ಆಸೆಯಿಂದ ಒಬ್ಬೊಬ್ಬರ ಮುಖ ನೋಡಿದರು. ಮಾವ ಮುನಿಆಂಜನಪ್ಪನವರು ಇದುವರೆಗೆ ಬಾಯಿ ಬಿಟ್ಟಿರಲಿಲ್ಲ. ಹಲಸೂರಿನ ಸುತ್ತ ಹೊಲಗಳಿದ್ದ ಕಾಲದಲ್ಲಿ ದನದ ವ್ಯಾಪಾರದಲ್ಲಿ ಅವರ ಮಾತೇ ಮಾತು. ಅವರು ಗಂಟಲು ಸರಿಮಾಡಿಕೊಂಡರು. “ಬಾಯಿ ಮಾತು ಯಾಕೆ? ಎತ್ತು ಬೇಕು ಅನ್ನೋನು ನೊಗಕ್ಕೆ ಕಟ್ಟಿ ನೋಡ್ತಾನೆ. ನಡೀರಿ ಕೆರೆಗೆ.”

ಜಟ್ಟೆಮ್ಮನ ಗಂಡ ಹುಸೇನಪ್ಪ, ಮುನೀಂದ್ರ, ಇನ್ನೂ ನಾಲ್ವರು ದೋಣಿಯನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತರು. ಹನ್ನೆರಡು ಕಾಲಿನ ಆಮೆಯೊಂದು ಬಜಾರು ಬೀದಿಯಲ್ಲಿ ಹೊರಟಿತು. ಹಿಂದೆ ಹಾಯಿಕಂಬ ಹೊತ್ತವರು, ಅವರ ಹಿಂದೆ ಅತ್ತೆ, ಜಟ್ಟೆಮ್ಮ, ಬೀದಿಯ ಅರ್ಧ ಜನ. ಬಸ್ ಸ್ಟಾಪಿನಲ್ಲಿದ್ದ ಒಬ್ಬ ಮುದುಕ ಎದ್ದು ನಿಂತು ಕೈಮುಗಿದು, “ಯಾರು ಹೋದ್ರಪ್ಪಾ?” ಎಂದು ಕೇಳಿದ.

“ಯಾರೂ ಹೋಗಿಲ್ಲ ತಾತಾ,” ಎಂದಿತು ದೋಣಿಯೊಳಗಿಂದ ಮುನೀಂದ್ರನ ದನಿ. “ಇದು ಹೋಗ್ತಾ ಇದೆ. ಇವತ್ತೇ.”

ಆ ದನಿಯಲ್ಲಿದ್ದ ಸಂತೋಷ ಕೇಳಿ ಸುಕನ್ಯಳಿಗೆ ಮೈ ಉರಿಯಿತು. ಸರಿ, ನೀರಿನ ಮೇಲೆ ತೋರಿಸುತ್ತೇನೆ ಎಂದುಕೊಂಡಳು. ಇವತ್ತು ಈ ದೋಣಿಯನ್ನು ಲೋಕದಲ್ಲಿ ಯಾರೂ ನಡೆಸದಷ್ಟು ಕೆಟ್ಟದಾಗಿ ನಡೆಸುತ್ತೇನೆ. ಈ ಮನುಷ್ಯ ದಡಕ್ಕೆ ಬಂದ ಮೇಲೆ ಸ್ನಾನದ ಬಕೆಟ್ಟಿಗೂ ಹೆದರಬೇಕು.

ಕಟ್ಟೆಯಲ್ಲಿ ಪೀರಪ್ಪ ಗೇಟು ತೆರೆದ. ದೋಣಿ ನೀರಿಗಿಳಿಯಿತು. ವಾಜಿದ್ ಶೂ ಬಿಚ್ಚಿ, ಪ್ಯಾಂಟು ಮಡಚಿ, ‘ಬಿಸ್ಮಿಲ್ಲಾ’ ಎಂದು ಕೂತರು. ಎಲ್ಲಿ ಕೂತರೆ ಅಡ್ಡಗೋಲು ತಾಗುವುದಿಲ್ಲವೋ ಸರಿಯಾಗಿ ಅಲ್ಲೇ ಕೂತರು. ಸುಕನ್ಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು.

ಮೊದಮೊದಲು ಎಲ್ಲ ಅಂದುಕೊಂಡಂತೆಯೇ ನಡೆಯಿತು. ಹಗ್ಗವನ್ನು ಬೇಕೆಂದೇ ಸಡಿಲ ಬಿಟ್ಟಳು. ಹಾಯಿ ಒದ್ದೆ ಪಂಚೆಯಂತೆ ಪಟಪಟ ಬಡಿದುಕೊಂಡಿತು. ದೋಣಿ ಹಿಂದಕ್ಕೆ ಹೋಯಿತು, ಪಕ್ಕಕ್ಕೆ ಹೋಯಿತು, ಒಂದು ಸುತ್ತು ತಿರುಗಿ ದಡದವರಿಗೆ ಬೆನ್ನು ತೋರಿಸಿತು. ದಡದ ಮೇಲೆ ಅತ್ತೆ, “ಅದು ಹಾಗೇನೇ! ಮೊದ್ಲು ನಮಸ್ಕಾರ ಮಾಡುತ್ತೆ!” ಎಂದು ಕೂಗಿದ್ದು ಕೇಳಿಸಿತು.

ಆಮೇಲೆ ಗಾಳಿ ಬಂತು.

ಕೆರೆಯ ನಡುವಿನ ದ್ವೀಪದ ಮರಗಳು ಅಲುಗಿದವು, ನೀರಿನ ಮೇಲೆ ಕಪ್ಪನೆಯ ಸುಕ್ಕುಗಳು ಓಡಿ ಬಂದವು. ಸುಕನ್ಯ ನೋಡುತ್ತಾ ಕೂತಿರಬೇಕಾಗಿತ್ತು. ಆದರೆ ಹಸಿದ ಮಗು ಅತ್ತಾಗ ಕೈ ಯಾರ ಅಪ್ಪಣೆಗೂ ಕಾಯುವುದಿಲ್ಲ. ಅವಳ ಕೈ ಹಗ್ಗವನ್ನು ಎಳೆಯಿತು, ಇನ್ನೊಂದು ಕೈ ಚುಕ್ಕಾಣಿಯನ್ನು ತಳ್ಳಿತು. ಹಾಯಿ ತುಂಬಿತು. ದೋಣಿ ಒಂದು ಬದಿಗೆ ವಾಲಿ, ನೀರನ್ನು ಸೀಳಿಕೊಂಡು ಹೊರಟಿತು. ಅವಳ ಕಾಲಡಿಯಲ್ಲಿ ನೀರು ಜಿನುಗುತ್ತಿತ್ತು, ಅಂಗೈ ಉರಿಯುತ್ತಿತ್ತು, ಕೆರೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ದೂರದಲ್ಲಿ, ತನ್ನ ಮನೆಯ ಮಹಡಿಯ ಮೇಲೆ ತಾನೇ ಬೆಳಿಗ್ಗೆ ಒಣಹಾಕಿದ್ದ ಸೀರೆ ಕಂಡಿತು. ಅಲ್ಲಿ ಯಾರೂ ನಿಂತು ಇತ್ತ ನೋಡುತ್ತಿರಲಿಲ್ಲ. ನೋಡುತ್ತಿದ್ದವಳು ಇಲ್ಲಿದ್ದಳು.

ವಾಜಿದ್ ಟೋಪಿ ಹಿಡಿದುಕೊಂಡು ಕೇಳಿದರು: “ಮೇಡಂ, ಇಲ್ಲಿ ಯಾರೂ ಇಲ್ಲ. ಈಗ ನಿಜ ಹೇಳಿ. ಸೋರುತ್ತೆ, ವಾಲುತ್ತೆ, ತಲೆಗೆ ಹೊಡೆಯುತ್ತೆ. ಇಷ್ಟೆಲ್ಲ ಗೊತ್ತಿದ್ದೂ, ಮತ್ತೆ ತಗೊಳ್ಳೋದಾದ್ರೆ?”

“ಇದನ್ನೇ!” ಎಂದಳು ಸುಕನ್ಯ. ಗಾಳಿಗೆ ಎದುರಾಗಿ ಕೂಗಿದಳು. “ಇದನ್ನೇ ತಗೋತೀನಿ! ನೂರು ಸಲ ಕೇಳಿ, ನೂರು ಸಲಾನೂ ಇದೇ!”

ವಾಜಿದ್ ಕಣ್ಣು ಮುಚ್ಚಿ ದೇವರನ್ನು ನೆನೆದರು. “ಸಾಕು ಮೇಡಂ. ಇಷ್ಟು ಕೇಳ್ಬೇಕಿತ್ತು. ದಡಕ್ಕೆ ನಡೀರಿ.”

ಅಷ್ಟರಲ್ಲಿ ಸುಕನ್ಯಳಿಗೆ ತಾನು ಹೇಳಿದ್ದೇನೆಂದು ಅರಿವಾಯಿತು. ಬೆಳಗಿನಿಂದ ಅತ್ತೆ, ಗಂಡ, ಜಟ್ಟೆಮ್ಮ ಎಲ್ಲ ಸೇರಿ ಮಾರಲಾಗದ ದೋಣಿಯನ್ನು ತಾನೊಬ್ಬಳೇ ಒಂದು ಮಾತಿನಲ್ಲಿ ಮಾರಿಬಿಟ್ಟಿದ್ದಳು.

ದಡ ಮುಟ್ಟುತ್ತಲೇ ವಾಜಿದ್ ನೀರಿಗೆ ಹಾರಿ, ಒದ್ದೆ ಪ್ಯಾಂಟಿನಲ್ಲೇ ಮುನಿಆಂಜನಪ್ಪನವರ ಬಳಿ ಹೋದರು. “ಯಜಮಾನ್ರೇ, ಅಮ್ಮಾವ್ರ ಮಾತು ನನಗೆ ಸಾಕು. ನಾನು ತಯಾರು. ನೀವು?”

“ನಾವು ವರ್ಷದಿಂದ ತಯಾರು,” ಎಂದರು ಮಾವ. “ವ್ಯವಹಾರ ಹೆಂಗೆ, ಬಾಯಲ್ಲೋ, ಟವಲಲ್ಲೋ?”

ವಾಜಿದರ ಮುಖದಲ್ಲಿ ನಗು ಮೂಡಿತು. “ನಮ್ಮ ಚಾಚಾ ಶಿವಾಜಿನಗರದಲ್ಲಿ ಕುರಿ ವ್ಯಾಪಾರ ಮಾಡ್ತಿದ್ರು. ಟವಲೇ ಹಾಕಿ ಯಜಮಾನ್ರೇ.”

ಮಾವನ ಕಣ್ಣು ಹೊಳೆಯಿತು. ಹೊಲ ಹೋದ ಮೇಲೆ, ದನ ಹೋದ ಮೇಲೆ, ಅವರ ಬೆರಳುಗಳಿಗೆ ಕೆಲಸವೇ ಸಿಕ್ಕಿರಲಿಲ್ಲ. ಮರದ ಕೆಳಗೆ ಇಬ್ಬರೂ ಎದುರುಬದುರು ನಿಂತು ಕೈ ಕೈ ಹಿಡಿದರು. ಮೇಲೆ ಟವಲು ಬಿತ್ತು.

“ಮಾವ, ದೋಣಿ ನಂದು,” ಎಂದಳು ಸುಕನ್ಯ. “ನಾನು ಮಾತಾಡ್ತೀನಿ.”

“ಹೆಂಗಸರು ಟವಲ್ ಕೆಳಗೆ ಕೈ ಇಡ್ತಾರೇನೇ?” ಎಂದು ಅತ್ತೆ ಅವಳ ರಟ್ಟೆ ಹಿಡಿದೆಳೆದರು.

ಟವಲಿನ ವ್ಯಾಪಾರದಲ್ಲಿ ಯಾರೂ ಮಾತಾಡುವಂತಿಲ್ಲ. ಬೆರಳು ಅದುಮಿದರೆ ಇಷ್ಟು, ಇನ್ನೊಂದು ಬೆರಳು ಸೇರಿದರೆ ಅಷ್ಟು; ಸುತ್ತ ನಿಂತವರಿಗೆ ಬರೀ ಟವಲು ಅಲುಗುವುದು ಕಾಣಬೇಕು. ಹಳೆಯ ಗಿರಾಕಿಗಳಾದರೆ ಅರ್ಧ ಗಂಟೆ ಹಿಡಿಯುತ್ತದೆ. ಆದರೆ ಇಲ್ಲಿ ಟವಲು ಒಮ್ಮೆ ಅಲುಗಿತು. ವಾಜಿದ್ ಆಶ್ಚರ್ಯದಿಂದ ಮಾವನ ಮುಖ ನೋಡಿದರು. ಟವಲು ಇನ್ನೊಮ್ಮೆ ಅಲುಗಿತು. ಮಾವ ಅದಕ್ಕಿಂತ ಆಶ್ಚರ್ಯದಿಂದ ವಾಜಿದರ ಮುಖ ನೋಡಿದರು.

“ಒಪ್ಪಿಗೇನಾ?”

“ಖುಷಿಯಿಂದ!”

“ಟವಲ್ ಕೆಳಗಿನ ಮಾತು. ಹಿಂದೆ ಹೋಗೋ ಹಾಗಿಲ್ಲ.”

“ಹೋದ್ರೆ ನಮ್ಮ ಚಾಚಾ ಹೆಸರು ಕೆಡುತ್ತೆ ಯಜಮಾನ್ರೇ.”

ಮಾವ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಇಷ್ಟು ವರ್ಷದಲ್ಲಿ ಹೇಳಿದ ಬೆಲೆಗೆ ಒಂದೇ ಹಿಡಿತಕ್ಕೆ ಒಪ್ಪಿದವನನ್ನ ನೋಡಿರ್ಲಿಲ್ಲ,” ಎಂದು ಮಗನ ಕಿವಿಯಲ್ಲಿ ಹೇಳಿದರು. ವಾಜಿದ್ ಮೊಬೈಲು ತೆಗೆದು, ಬೆನ್ನು ತಿರುಗಿಸಿ, “ಫಹ್ಮಿದಾ, ಟೆಂಪೋ ತಗೊಂಡು ಕೆರೆ ಹತ್ರಾನೇ ಬಂದುಬಿಡು. ಆಗೋಯ್ತು,” ಎಂದರು. ಆಮೇಲೆ ಇಬ್ಬರೂ, ಇನ್ನೊಬ್ಬರು ಜೇಬಿಗೆ ಕೈ ಹಾಕಲೆಂದು ಕಾಯುತ್ತಾ, ಪರಸ್ಪರ ನೋಡಿ ಸಭ್ಯವಾಗಿ ನಕ್ಕರು.

ಮುನೀಂದ್ರ, “ಸುಕನ್ಯಾ, ಟೆಂಪೋ ಬರುತ್ತಂತೆ. ಹಾಯಿ ಬಿಚ್ಚು,” ಎಂದು ತಿರುಗಿದ. ಸುಕನ್ಯ ಅಲ್ಲಿರಲಿಲ್ಲ. ದೋಣಿಯೂ ಇರಲಿಲ್ಲ.

ಅವಳು ಆಗಲೇ ದಡದಿಂದ ಎರಡು ಮಾರು ದೂರ ತಳ್ಳಿಕೊಂಡು ಹೋಗಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ದೋಣಿಯಲ್ಲಿ ನಿಲ್ಲಬಾರದೆಂದು ಪೀರಪ್ಪ ಹೇಳಿಕೊಟ್ಟದ್ದನ್ನು ಆ ಹೊತ್ತಿಗೆ ಅವಳು ಮರೆತಿದ್ದಳು.

“ಏನೇ ಇದು, ಜನ ನೋಡ್ತಾರೆ!” ಎಂದರು ಅತ್ತೆ.

“ನೋಡ್ಲಿ! ಈ ದೋಣಿ ಬೇಕಾದ್ರೆ ನನ್ನನ್ನೂ ಸೇರಿಸಿ ಮಾರಿ. ಅದನ್ನೂ ಟವಲ್ ಕೆಳಗೇ ಮಾಡ್ಕೊಳ್ಳಿ!” ಅವಳ ದನಿ ನೀರಿನ ಮೇಲೆ ನೆಟ್ಟಗೆ ಬಂತು. “ನನ್ನ ಸೀರೆ ಆರಿಸಿದ್ದು ಅತ್ತೆ. ಓಲೆ ಆರಿಸಿದ್ದು ಅತ್ತೆ. ಮಕ್ಕಳ ಹೆಸರು ಆರಿಸಿದ್ದು ಮಾವ. ಗೋಡೆಗೆ ಬಣ್ಣ ಆರಿಸಿದ್ದು ಇವರು, ಅದೂ ಪೆನ್ಷನ್ ಆಫೀಸಿನ ಹಸಿರು! ಈ ಮನೇಲಿ ನಾನು ಕೈ ಎತ್ತಿ ತಗೊಂಡಿದ್ದು ಇದೊಂದೇ. ಸೋರುತ್ತೆ. ಸೋರ್ಲಿ. ಸಮಾಧಾನ ಇದೆಯಾ ಅಂತ ನನ್ನನ್ನ ಕೇಳೋಕೂ ಹೊರಗಿನವರೇ ಬರ್ಬೇಕಾಯ್ತು. ಇಪ್ಪತ್ತೊಂದು ವರ್ಷದಲ್ಲಿ ನೀವ್ಯಾರಾದ್ರೂ ಕೇಳಿದ್ರಾ? ಮದುವೆ ವಿಷಯದಲ್ಲಾದ್ರೂ ಕೇಳಿದ್ರಾ, ಮತ್ತೆ ಆರಿಸೋದಾದ್ರೆ ಇವರನ್ನೇ ಆರಿಸ್ತೀಯಾ ಅಂತ?”

ಮುನೀಂದ್ರ ಅತ್ತಿತ್ತ ನೋಡಿ, ನೀರಿನ ಅಂಚಿಗೆ ಬಂದು, ಸಣ್ಣ ದನಿಯಲ್ಲಿ ಕೇಳಿದ: “ಕೇಳಿದ್ರೆ ಏನಂತೀಯಾ?”

“ಅದು ಯೋಚ್ನೆ ಮಾಡಿ ಹೇಳ್ಬೇಕು.”

ಜಟ್ಟೆಮ್ಮ ಸೆರಗು ಬಾಯಿಗಿಟ್ಟುಕೊಂಡಳು, ಪೀರಪ್ಪ ಬಹಿರಂಗವಾಗಿಯೇ ನಕ್ಕ. ವಾಜಿದ್ ಮಾತ್ರ ಗೊಂದಲದಿಂದ ಒಬ್ಬೊಬ್ಬರನ್ನೇ ನೋಡುತ್ತಿದ್ದರು. “ಒಂದು ನಿಮಿಷ,” ಎಂದರು. “ಅಮ್ಮಾವ್ರ ದೋಣಿ ಯಾರು ಮಾರ್ತಿದಾರೆ?”

“ಯಾರಂದ್ರೆ? ನಾವು ಮಾರಿದ್ವಿ, ನೀವು ತಗೊಂಡ್ರಿ,” ಎಂದರು ಮಾವ.

“ನಾನಾ?” ವಾಜಿದ್ ಎದೆ ಮುಟ್ಟಿಕೊಂಡರು. “ನಾನ್ಯಾಕೆ ತಗೊಳ್ಲಿ? ನಾನು ಮಾರೋಕೆ ಬಂದೋನು!”

ಸರಿಯಾಗಿ ಆಗಲೇ ಕೆರೆಯ ರಸ್ತೆಯಲ್ಲಿ ಹಾರ್ನು ಕೇಳಿಸಿತು. ಟೆಂಪೋ ಬಂದು ನಿಂತಿತು. ಮುಂದಿನ ಸೀಟಿನಿಂದ ಬುರ್ಖಾ ತೊಟ್ಟ ಹೆಂಗಸೊಬ್ಬರು, ವಾಜಿದರ ಹೆಂಡತಿ ಫಹ್ಮಿದಾ, ಕೆಳಗಿಳಿದು ಕೈಚೀಲದಿಂದ ಮಿಠಾಯಿ ಡಬ್ಬ ತೆಗೆದರು. ಹಿಂದೆ, ಹಗ್ಗಗಳ ಮಧ್ಯೆ, ಇನ್ನೊಂದು ದೋಣಿ. ಅದೇ ಬಣ್ಣ, ಅದೇ ಮೂತಿ, ಅದೇ ಎಡಕ್ಕೆ ವಾಲಿದ ಭಂಗಿ.

“ಅದೇ ಹರಾಜಲ್ಲಿ ನಾನೂ ಒಂದು ತಗೊಂಡಿದ್ದೆ ಯಜಮಾನ್ರೇ,” ಎಂದರು ವಾಜಿದ್ ದೀನವಾಗಿ. “ಇಟ್ಕೊಳ್ಳೋಕೆ ಜಾಗ ಇಲ್ಲ. ಇದರ ಜೊತೆಗೇ ಮಲಕ್ಕೋ ಅಂತ ಫಹ್ಮಿದಾ ನನ್ನನ್ನ ಅಂಗಳಕ್ಕೆ ಹಾಕಿದ್ಲು. ಇದೇ ಥರದ್ದು ಇರೋರಿಗೆ ಇನ್ನೊಂದು ಬೇಕಾಗಬಹುದು ಅಂತ ಹರಾಜಿನೋರ ಹತ್ರ ನಿಮ್ಮ ನಂಬರ್ ತಗೊಂಡು ಕೇಳೋಕೆ ಬಂದೆ. ನೂರು ಸಲ ತಗೋತೀನಿ ಅಂದ್ರು ಅಮ್ಮಾವ್ರು. ನೀವು ಟವಲ್ ಹಾಕಿದ್ರಿ. ನಾನು ಕನಸಲ್ಲೂ ಅಂದ್ಕೊಳ್ಳದ ಬೆಲೆ ಹಿಡಿದ್ರಿ…”

ಯಾರು ಕೊಳ್ಳುವವರು, ಯಾರು ಮಾರುವವರು ಎಂದು ಬೆರಳು ಹೇಳುವುದಿಲ್ಲ. ದನದ ಸಂತೆಯಲ್ಲಿ ಅದನ್ನು ಹೇಳುವ ಅಗತ್ಯವೂ ಬೀಳುವುದಿಲ್ಲ. ಎತ್ತಿನ ಹಗ್ಗ ಯಾರ ಕೈಯಲ್ಲಿದೆಯೆಂದು ಎಲ್ಲರಿಗೂ ಕಾಣುತ್ತದೆ.

ಎಲ್ಲರೂ ಮಾವನ ಕಡೆ ನೋಡಿದರು. ಮುನಿಆಂಜನಪ್ಪನವರ ಮುಖ ಮೊದಲು ಕಪ್ಪಾಯಿತು, ಆಮೇಲೆ ಕೆಂಪಾಯಿತು. ಟವಲಿನ ಮಾತು. ಮುರಿದರೆ ಹಲಸೂರಿನಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಅವರು ನಿಧಾನವಾಗಿ ಟೆಂಪೋದ ಬಳಿ ಹೋದರು. ಹೊಸ ದೋಣಿಯ ಬೆನ್ನು ಸವರಿದರು. ಪಕ್ಕೆ ತಟ್ಟಿ ನೋಡಿದರು. ಬಗ್ಗಿ ಮೂತಿಯನ್ನು ಪರೀಕ್ಷಿಸಿದರು. ಹಲ್ಲಿದ್ದಿದ್ದರೆ ಅದನ್ನೂ ಎಣಿಸುತ್ತಿದ್ದರು. ಆಮೇಲೆ ತಿರುಗಿ, ಎದೆ ಸೆಟೆಸಿ ಹೇಳಿದರು:

“ಒಂಟಿ ಎತ್ತು ಕಟ್ಕೊಂಡು ಯಾವನಾದ್ರೂ ಬೇಸಾಯ ಮಾಡ್ತಾನಾ? ಜೋಡಿ ಮಾಡ್ಬೇಕು ಅಂತ್ಲೇ ತಗೊಂಡೆ.”

ಮೊದಲು ಚೇತರಿಸಿಕೊಂಡವಳು ಜಟ್ಟೆಮ್ಮ. “ಯಜಮಾನ್ರು ಆರ್ಸಿದ್ಮ್ಯಾಲ ಕೇಳೂದೇನೈತ್ರಿ? ನೋಡ್ರಿ ಇದರ ಮೂಗು ಎಷ್ಟ್ ನೆಟ್ಟಗ ಐತಿ! ಆ ಇನ್ನೊಂದ್ರದು ಸೊಟ್ಟ ಅಂತ ನಾ ಆವತ್ತ ಹೇಳಿದ್ದೆ.”

“ತಳಾನೂ ಗಟ್ಟಿ,” ಎಂದ ಹುಸೇನಪ್ಪ, ಎರಡೂ ಒಂದೇ ಅಚ್ಚಿನಲ್ಲಿ ಎರಕವಾದವೆಂದು ಕಣ್ಣೆದುರೇ ಕಾಣುತ್ತಿದ್ದರೂ.

“ಅವರ ಕಣ್ಣಿಗೆ ಬಿದ್ದದ್ದು ಯಾವತ್ತೂ ಕೆಟ್ಟಿದ್ದಿಲ್ಲ,” ಎಂದರು ಅತ್ತೆ. ವರ್ಷದಿಂದ ಸೊಸೆಯ ಹುಚ್ಚಾಗಿದ್ದ ವಸ್ತು, ಯಜಮಾನರ ಕೈ ಸೋಕಿದ್ದೇ ತಡ, ಮನೆತನದ ಗತ್ತಾಯಿತು. ಹೊತ್ತು ಇಳಿಸಲು ಎಂಟು ಜನ ಓಡಿದರು. ಫಹ್ಮಿದಾ ಎಲ್ಲರಿಗೂ ಮಿಠಾಯಿ ಹಂಚಿ, ಗಂಡನನ್ನು ಟೆಂಪೋಗೆ ಹತ್ತಿಸಿಕೊಂಡರು. ಟವಲಿನ ಕೆಳಗೆ ಒಪ್ಪಿದ್ದು ಎಷ್ಟೆಂದು ಮಾವ ಇವತ್ತಿಗೂ ಯಾರಿಗೂ ಹೇಳಿಲ್ಲ.

ನೀರಿನ ಮೇಲಿಂದ ಇದೆಲ್ಲವನ್ನೂ ನೋಡುತ್ತಿದ್ದ ಸುಕನ್ಯಳಿಗೆ ಮೊದಲು ನಗು ಬಂತು. ದೋಣಿ ಉಳಿಯಿತು. ಇನ್ನು ಯಾರೂ ಅದನ್ನು ಆಡಿಕೊಳ್ಳುವ ಹಾಗೂ ಇಲ್ಲ. ಅವಳು ಚುಕ್ಕಾಣಿಯನ್ನು ದಡದ ಕಡೆಗೆ ತಿರುಗಿಸಿದಳು.

ಆಗ ಅತ್ತೆಯ ದನಿ ಕೇಳಿಸಿತು. “ಅಂಗಳದಲ್ಲಿ ಎರಡಕ್ಕೆ ಜಾಗ ಎಲ್ಲಿದೆಯೋ ಮುನೀಂದ್ರಾ? ಅಪ್ಪನ ದೋಣಿ ಅಲ್ಲಿ ನಿಲ್ಲಿಸ್ಬೇಕಲ್ಲ. ಇವಳದನ್ನ ಯಾರಿಗಾದ್ರೂ ಮಾರಿಬಿಡು.”

“ನಾಳೇನೇ ಪೇಪರಿಗೆ ಹಾಕಿಸ್ತೀನಮ್ಮ,” ಎಂದ ಮುನೀಂದ್ರ. ಆಮೇಲೆ ಕೈಗಳನ್ನು ಬಾಯಿಯ ಸುತ್ತ ಹಿಡಿದು ಕೂಗಿದ: “ಸುಕನ್ಯಾ, ಬೇಗ ಬಾ! ಅದನ್ನ ತೊಳೆದು ಇಡ್ಬೇಕು! ಗಿರಾಕಿ ಬಂದ್ರೆ ಚೆನ್ನಾಗಿ ಕಾಣ್ಬೇಕು!”

ಸುಕನ್ಯ ಕೂತಳು. ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಎಳೆದಳು. ದೋಣಿಯ ಮೂತಿ ದಡ ಬಿಟ್ಟು ಕೆರೆಯ ಕಡೆ ತಿರುಗಿತು.

“ಎಲ್ಲಿಗೇ? ಮಧ್ಯಾಹ್ನದ ಅಡುಗೆ?” ಎಂದು ಅತ್ತೆ ಕೂಗಿದರು.

“ಜೋಡಿ ಮಾಡಿದೋರನ್ನ ಕೇಳಿ!” ಎಂದಳು ಸುಕನ್ಯ. ಕಾಲಡಿಯ ನೀರನ್ನು ಚೊಂಬಿನಿಂದ ಮೊಗೆದು ಹೊರಗೆ ಚೆಲ್ಲಿದಳು, ಮತ್ತೆ ಮೊಗೆದಳು. ಅವರು ಇನ್ನೂ ಏನೇನೋ ಕೂಗುತ್ತಿದ್ದರು. ಹಾಯಿ ತುಂಬಿದಾಗ ಆ ಸದ್ದಿಗೆ ಬೇರೇನೂ ಕೇಳಿಸುವುದಿಲ್ಲ.